ಆ ಅರ್ಜಿಗೆ ಸಹಿ ಹಾಕುವ ಮುಂಚೆ: ನ್ಯೂಜೆರ್ಸಿಯ ಕನ್ನಡದವರಿಗೆ ಒಂದು ಬಹಿರಂಗ ಪತ್ರ

ನಮ್ಮ ಟೌನ್‌ಶಿಪ್‌ನ ಕನ್ನಡ ಮನೆಗಳ ಎಲ್ಲರಿಗೂ, ನ್ಯೂಜೆರ್ಸಿಯ ಇಂಥದ್ದೇ ಸಣ್ಣ ಊರುಗಳಲ್ಲಿ ನೆಲೆ ನಿಂತಿರುವ ಕನ್ನಡಿಗರಿಗೂ ನಮಸ್ಕಾರ.

ಕೆಲವು ವಾರಗಳಿಂದ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಅರ್ಜಿ ಓಡಾಡುತ್ತಿದೆ. ಹೈವೇ ಪಕ್ಕದ ಖಾಲಿ ಜಾಗದಲ್ಲಿ ಕಡಿಮೆ ಆದಾಯದವರಿಗೆ ಬಾಡಿಗೆ ಅಪಾರ್ಟ್‌ಮೆಂಟ್ ಕಟ್ಟುವುದು ಬೇಡ, ಟೌನ್‌ಶಿಪ್ ಇದಕ್ಕೆ ಒಪ್ಪಿಗೆ ಕೊಡಬಾರದು ಅಂತ. ಟ್ರಾಫಿಕ್ ಜಾಸ್ತಿ ಆಗುತ್ತದೆ, ಸ್ಕೂಲು ತುಂಬಿಹೋಗುತ್ತದೆ, ಮನೆಗಳ ಬೆಲೆ ಬೀಳುತ್ತದೆ, ಊರಿನ ಜನರೇ ಬದಲಾಗಿಬಿಡುತ್ತಾರೆ ಅಂತೆಲ್ಲ ಕಾರಣ ಕೊಟ್ಟಿದ್ದಾರೆ. ಮೊನ್ನೆ ಪ್ಲಾನಿಂಗ್ ಬೋರ್ಡ್ ಸಭೆಯಲ್ಲಿ ಸಹಿಗಳ ಹಾಳೆಗಳನ್ನು ಮೇಜಿನ ಮೇಲೆ ಇಟ್ಟಿದ್ದರು. ತಿರುವಿ ನೋಡಿದೆ. ರಾವ್, ಗೌಡ, ಶೆಟ್ಟಿ, ಪಾಟೀಲ, ಹೆಗಡೆ. ಸಾಲುಸಾಲಾಗಿ ನಮ್ಮ ಹೆಸರುಗಳೇ ಇದ್ದವು.

ಟೌನ್‌ಶಿಪ್‌ನವರಿಗೆ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟಾಗಿದೆ. ಇದು ನಮ್ಮ ನಮ್ಮೊಳಗಿನ ಮಾತು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದುಡ್ಡಿನ ಬಗ್ಗೆ, ಸ್ಕೂಲಿನ ಬಗ್ಗೆ, ರಸ್ತೆ ಬಗ್ಗೆ ಎಷ್ಟು ಬೇಕಾದರೂ ಪ್ರಶ್ನೆ ಕೇಳೋಣ. ಕೇಳಲೇಬೇಕು. ಆದರೆ ಇಂಥ ಜನ ನಮ್ಮೂರಿಗೆ ಬರಬಾರದು ಎನ್ನುವ ಅರ್ಜಿಯಲ್ಲಿ ನಮ್ಮ ಹೆಸರು ಇರಬಾರದು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಗ್ರೂಪಿನಲ್ಲಿ ಒಬ್ಬರು ಇದನ್ನು ಸರ್ಕಾರಿ ಮನೆ ಅಂದರು. ಇನ್ನೊಬ್ಬರು ಇದು ಇಲ್ಲಿನ ಆಶ್ರಯ ಕಾಲೋನಿ ಅಂದರು. ನಮ್ಮ ತಲೆಯಲ್ಲಿ ಆ ಚಿತ್ರ ಬರುವುದು ಸಹಜ. ಆದರೆ ಆಶ್ರಯ ಯೋಜನೆಯಲ್ಲಿ ಸರ್ಕಾರ ಮನೆ ಕಟ್ಟಿಕೊಳ್ಳಲು ನೆರವು ಕೊಡುತ್ತದೆ, ಮನೆ ಆ ಕುಟುಂಬದ ಹೆಸರಿಗೇ ಆಗುತ್ತದೆ. ಇಲ್ಲಿ ಕಟ್ಟಿ ನಡೆಸುವವರು ಖಾಸಗಿ ಬಿಲ್ಡರುಗಳು ಇಲ್ಲವೇ ಲಾಭಕ್ಕೆ ಕೆಲಸ ಮಾಡದ ಸಂಸ್ಥೆಗಳು. ಒಳಗೆ ಇರುವವರು ಬಾಡಿಗೆದಾರರು. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾರೆ. ಕಟ್ಟದೇ ಹೋದರೆ ಬೇರೆ ಬಾಡಿಗೆ ಮನೆಗಳಲ್ಲಿ ಆಗುವುದೇ ಇಲ್ಲೂ ಆಗುತ್ತದೆ.

ಹಾಗಾದರೆ ಬಾಡಿಗೆ ಹೇಗೆ ಕಡಿಮೆ ಇರುತ್ತದೆ? ನಾನು ಅಕೌಂಟೆಂಟ್ ಕೆಲಸ ಮಾಡುವವನು, ಈ ಭಾಗ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ತೆರಿಗೆ ಸುಧಾರಣೆ ಕಾನೂನಿನಲ್ಲಿ ಒಂದು ಹೊಸ ಏರ್ಪಾಡು ಬಂತು. ಕಡಿಮೆ ಆದಾಯದವರಿಗೆ ಬಾಡಿಗೆ ಮನೆ ಕಟ್ಟಿದರೆ ಆದಾಯ ತೆರಿಗೆಯಲ್ಲಿ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಅಷ್ಟು ಕಡಿತ. ಕೇಂದ್ರ ಸರ್ಕಾರ ಪ್ರತಿ ರಾಜ್ಯಕ್ಕೂ ಅದರ ಜನಸಂಖ್ಯೆ ನೋಡಿ ಇಂತಿಷ್ಟು ಕ್ರೆಡಿಟ್ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಅದನ್ನು ಹಂಚುವುದು ನ್ಯೂಜೆರ್ಸಿ ಹೌಸಿಂಗ್ ಅಂಡ್ ಮಾರ್ಟ್‌ಗೇಜ್ ಫೈನಾನ್ಸ್ ಏಜೆನ್ಸಿ. ಬಿಲ್ಡರುಗಳು ಅರ್ಜಿ ಹಾಕಬೇಕು, ಅಂಕಗಳ ಮೇಲೆ ಪೈಪೋಟಿ ನಡೆಯುತ್ತದೆ. ಒಳ್ಳೇ ಸ್ಕೂಲು, ಬಸ್ಸು ರೈಲು ಹತ್ತಿರ ಇದ್ದರೆ ಅಂಕ ಜಾಸ್ತಿ.

ಕ್ರೆಡಿಟ್ ಸಿಕ್ಕ ಬಿಲ್ಡರ್ ಅದನ್ನು ತಾನೇ ಇಟ್ಟುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಒಂದು ಬ್ಯಾಂಕಿಗೆ ಮಾರುತ್ತಾನೆ. ಉದಾಹರಣೆಗೆ, ವರ್ಷಕ್ಕೆ 10 ಲಕ್ಷ ಡಾಲರಿನಂತೆ 10 ವರ್ಷ ಕ್ರೆಡಿಟ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಒಟ್ಟು 1 ಕೋಟಿ ಡಾಲರ್. ಬ್ಯಾಂಕು ಡಾಲರಿಗೆ 85 ಸೆಂಟಿನ ಲೆಕ್ಕದಲ್ಲಿ 85 ಲಕ್ಷ ಡಾಲರನ್ನು ಮೊದಲೇ ಕೊಡುತ್ತದೆ. ಆಮೇಲೆ 10 ವರ್ಷ ತನ್ನ ತೆರಿಗೆಯಿಂದ ಆ ಕ್ರೆಡಿಟ್ಟನ್ನು ಕಡಿತ ಮಾಡಿಕೊಳ್ಳುತ್ತದೆ. ಬಿಲ್ಡರಿಗೆ ಅಷ್ಟು ಹಣ ಸಾಲ ಮಾಡುವುದು ತಪ್ಪಿತು. ಸಾಲ ಕಡಿಮೆ, ಕಂತು ಕಡಿಮೆ, ಆದ್ದರಿಂದ ಬಾಡಿಗೆ ಕಡಿಮೆ ಇಟ್ಟರೂ ಕಟ್ಟಡ ನಡೆಯುತ್ತದೆ. ಶರತ್ತುಗಳೂ ಬಿಗಿಯಾಗಿವೆ. ಮೊದಲ 15 ವರ್ಷದಲ್ಲಿ ನಿಯಮ ಮುರಿದರೆ ಕೊಟ್ಟ ಕ್ರೆಡಿಟ್ಟಿನಲ್ಲಿ ಒಂದು ಪಾಲನ್ನು ವಾಪಸ್ ಕಿತ್ತುಕೊಳ್ಳುತ್ತಾರೆ. ಸಾಮಾನ್ಯವಾಗಿ 30 ವರ್ಷದವರೆಗೆ ಬಾಡಿಗೆ ಮಿತಿ ಮೀರುವ ಹಾಗಿಲ್ಲ. ಬ್ಯಾಂಕು ಸುಮ್ನೆ ಕೂರುವುದಿಲ್ಲ, ತನ್ನ ಕ್ರೆಡಿಟ್ ಹೋದೀತು ಅಂತ ಕಟ್ಟಡದ ಲೆಕ್ಕಪತ್ರದ ಮೇಲೆ ಕಣ್ಣಿಟ್ಟಿರುತ್ತದೆ. ನಮ್ಮ ಊರಿನ ಎಷ್ಟೋ ಮಾಮೂಲಿ ಬಾಡಿಗೆ ಕಟ್ಟಡಗಳಿಗೆ ಇಷ್ಟು ಕಾವಲು ಇಲ್ಲ.

ಈ ಪದ್ಧತಿ ಅಷ್ಟೇನೂ ಚೊಕ್ಕವಾಗಿಲ್ಲ ಅನ್ನುವುದನ್ನೂ ಹೇಳಬೇಕು. ಮಧ್ಯದಲ್ಲಿ ವಕೀಲರು, ಕನ್ಸಲ್ಟೆಂಟುಗಳು, ಕ್ರೆಡಿಟ್ ಮಾರಿಸಿಕೊಡುವವರು ತಮ್ಮ ತಮ್ಮ ಫೀ ತೆಗೆದುಕೊಳ್ಳುತ್ತಾರೆ. ತೀರಾ ಬಡವರಿಗೆ ಈ ಬಾಡಿಗೆಯೂ ಭಾರವೇ, ಅವರಿಗೆ ಬೇರೆ ವೋಚರ್, ಅಂದರೆ ಬಾಡಿಗೆ ಕಟ್ಟಲು ಸರ್ಕಾರದ ನೆರವು, ಬೇಕಾಗುತ್ತದೆ. ಸರ್ಕಾರ ನೇರವಾಗಿ ಕಟ್ಟಿದ್ದರೆ ಇನ್ನೂ ಸುಲಭವಾಗಿ ಆಗುತ್ತಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೂ ಈ ದೇಶದಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಕಡಿಮೆ ಬಾಡಿಗೆಯ 30 ಲಕ್ಷಕ್ಕೂ ಜಾಸ್ತಿ ಮನೆಗಳು ಆಗಿದ್ದು ಈ ದಾರಿಯಲ್ಲೇ. ಎರಡೂ ಪಕ್ಷದವರು ಇದನ್ನು ಉಳಿಸಿಕೊಂಡು ಬಂದಿದ್ದಾರೆ.

ಇನ್ನು, ಅಲ್ಲಿಗೆ ಬರುವವರು ಯಾರು? ಇಂಥ ಕಟ್ಟಡದಲ್ಲಿ ಹೆಚ್ಚಿನ ಮನೆಗಳು ಆ ಪ್ರದೇಶದ ಮಧ್ಯದ ಮಟ್ಟದ ಆದಾಯದ (ಅರ್ಧ ಕುಟುಂಬಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ) ಶೇ 60ರೊಳಗೆ ಇರುವವರಿಗೆ. ಕೇಳಿದರೆ ಕಡುಬಡವರು ಅನ್ನಿಸುತ್ತದೆ. ಆದರೆ ಮಿಡ್ಲ್‌ಸೆಕ್ಸ್, ಸಾಮರ್‌ಸೆಟ್, ಹಂಟರ್‌ಡನ್ ಕೌಂಟಿಗಳಲ್ಲಿ ಆದಾಯದ ಮಟ್ಟವೇ ಎತ್ತರ. ನಾಲ್ಕು ಜನರ ಕುಟುಂಬಕ್ಕೆ ಆ ಶೇ 60 ಅಂದರೆ ವರ್ಷಕ್ಕೆ 80 ಸಾವಿರ ಡಾಲರಿಗೂ ಮೇಲೆ ಬರುತ್ತದೆ. ಲೆಕ್ಕ ಹಾಕಿ ನೋಡಿ. 2025ರಲ್ಲಿ ನ್ಯೂಜೆರ್ಸಿಯ ಕನಿಷ್ಠ ಕೂಲಿ ಗಂಟೆಗೆ 15.49 ಡಾಲರ್. ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ದುಡಿದರೆ 32 ಸಾವಿರ ಚಿಲ್ಲರೆ. ಗಂಡ ಹೆಂಡತಿ ಇಬ್ಬರೂ ದುಡಿದರೂ 65 ಸಾವಿರ ಮುಟ್ಟುವುದಿಲ್ಲ. ಟರ್ನ್‌ಪೈಕ್‌ನ 8ಎ ಎಕ್ಸಿಟ್ ಸುತ್ತಮುತ್ತಲಿನ ವೇರ್‌ಹೌಸುಗಳಲ್ಲಿ ರಾತ್ರಿ ಪಾಳಿ ಮಾಡುವವರು, ನಾವು ಔಷಧಿ ತರುವ ಫಾರ್ಮಸಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವವರು, ನಮ್ಮ ಇಂಡಿಯನ್ ಅಂಗಡಿಗಳಲ್ಲಿ ಬಿಲ್ ಮಾಡುವವರು, ನಮ್ಮ ತಾಯಿತಂದೆಯರನ್ನು ನೋಡಿಕೊಳ್ಳಲು ಮನೆಗೆ ಬರುವ ಹೋಮ್ ಹೆಲ್ತ್ ಏಡುಗಳು. ಹೊಸದಾಗಿ ಕೆಲಸಕ್ಕೆ ಸೇರಿದ, ಒಬ್ಬರೇ ದುಡಿದು ಮಕ್ಕಳನ್ನು ಸಾಕುವ ಟೀಚರ್ ಕೂಡ ಈ ಮಿತಿಯೊಳಗೆ ಬರಬಹುದು.

ಆ ದಿನದ ಸಭೆಯಲ್ಲಿ ಅಂಥವರೊಬ್ಬರು ಮಾತಾಡಿದರು. ಒಬ್ಬೊಬ್ಬರಿಗೆ ಮೂರು ನಿಮಿಷ. ಮೈಕಿನ ಪಕ್ಕದಲ್ಲಿ ಒಂದು ಸಣ್ಣ ದೀಪ, ಸಮಯ ಮುಗಿದರೆ ಕೆಂಪಾಗುತ್ತದೆ. ಆಕೆ ನಮ್ಮ ಎಲಿಮೆಂಟರಿ ಸ್ಕೂಲಿನಲ್ಲಿ ವಿಶೇಷ ಅಗತ್ಯ ಇರುವ ಮಕ್ಕಳ ತರಗತಿಯಲ್ಲಿ ಸಹಾಯಕಿ. ಟ್ರೆಂಟನ್‌ನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ಬೆಳಿಗ್ಗೆ ಐದಕ್ಕೆ ಮನೆ ಬಿಡುತ್ತೇನೆ, ನನ್ನ ಮಗನನ್ನು ಸ್ಕೂಲಿಗೆ ಎಬ್ಬಿಸುವುದು ಅವನ ಅಕ್ಕ ಅಂದರು. ಈ ಊರಿನಲ್ಲಿ ಬಾಡಿಗೆ ಹುಡುಕಿದೆ, ಸಂಬಳದಲ್ಲಿ ಮುಕ್ಕಾಲು ಭಾಗ ಹೋಗುತ್ತದೆ ಅಂದರು. ದೀಪ ಕೆಂಪಾಗುವ ಮೊದಲೇ ಮುಗಿಸಿ ಹೋಗಿ ಕೂತರು. ಅವರ ನಂತರ ಮೈಕಿಗೆ ಬಂದವರು ನಮ್ಮವರೇ. ಅಂಥ ಮನೆಗಳ ಮಕ್ಕಳು ಬಂದರೆ ನಮ್ಮ ಸ್ಕೂಲಿನ ರೇಟಿಂಗ್ ಏನಾಗಬೇಕು ಅಂತ ಕೇಳಿದರು. ಅವರ ಹೆಸರು ಇಲ್ಲಿ ಬೇಡ. ಆಕೆ ಮೂರನೇ ಸಾಲಿನಲ್ಲೇ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ನಮ್ಮ ಮಕ್ಕಳಿಗೆ ಜಾಕೆಟ್ ಝಿಪ್ ಹಾಕಿಕೊಡುವ ಕೈ ಅದು. ಅವರ ಮಗ ನಮ್ಮ ಮಕ್ಕಳ ಪಕ್ಕ ಕೂರಬಾರದು ಅಂತ ಅವರೆದುರಿಗೇ ಹೇಳಿದ ಹಾಗಾಯಿತು. ನನಗೆ ತಲೆ ಎತ್ತಲಾಗಲಿಲ್ಲ.

ಸ್ಕೂಲು, ಮನೆ ಬೆಲೆ, ಕಳ್ಳತನ ಅಂತ ಭಯ ಇರುವವರಿಗೆ ಮೌಂಟ್ ಲಾರೆಲ್ ಕತೆ ಹೇಳಬೇಕು. ನಮ್ಮಿಂದ ದಕ್ಷಿಣಕ್ಕೆ, ಬರ್ಲಿಂಗ್‌ಟನ್ ಕೌಂಟಿಯಲ್ಲಿ ಇರುವ ಊರು. ಇಡೀ ಅಮೆರಿಕದಲ್ಲಿ ಝೋನಿಂಗ್, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಎನ್ನುವ ಊರಿನ ನಿಯಮ, ಓದುವವರೆಲ್ಲ ಈ ಹೆಸರು ಕೇಳಿರುತ್ತಾರೆ. ಅಲ್ಲಿ ತಲೆಮಾರುಗಳಿಂದ ಬದುಕಿದ್ದ ಕಪ್ಪು ಜನರ ಕುಟುಂಬಗಳಿದ್ದವು. 1960ರ ದಶಕದಲ್ಲಿ ಹೊಲಗಳು ಹೋಗಿ ದೊಡ್ಡ ದೊಡ್ಡ ಮನೆಗಳು ಬಂದವು. ಬಡವರು ಇದ್ದದ್ದು ಹಳೇ ಗುಡಿಸಲಿನಂಥ ಮನೆಗಳಲ್ಲಿ. ಕೆಲವರು ಕೋಳಿ ಶೆಡ್ಡುಗಳನ್ನೇ ಮನೆ ಮಾಡಿಕೊಂಡಿದ್ದರು. ಟೌನ್‌ಶಿಪ್ ಅವನ್ನು ವಾಸಕ್ಕೆ ಯೋಗ್ಯ ಅಲ್ಲ ಅಂತ ಖಾಲಿ ಮಾಡಿಸತೊಡಗಿತು. ಎಥೆಲ್ ಲಾರೆನ್ಸ್ ಅಂತ ಒಬ್ಬ ಹೆಣ್ಣುಮಗಳು, ಪುಟ್ಟ ಮಕ್ಕಳಿಗೆ ಪಾಠ ಹೇಳುವವರು, ಅವರ ಮನೆತನ ಅದೇ ಊರಿನಲ್ಲಿ ಆರು ತಲೆಮಾರು ಕಂಡದ್ದು. ಅವರೂ ಅಕ್ಕಪಕ್ಕದವರೂ ಸೇರಿ 36 ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟರು. ಕೇಳಿದ್ದು ಮೂವತ್ತಾರೇ. ಝೋನಿಂಗ್ ಒಪ್ಪಲಿಲ್ಲ. 1970ರಲ್ಲಿ ಊರಿನ ಚರ್ಚಿಗೆ ಬಂದ ಮೇಯರ್, ಇಲ್ಲಿ ಬದುಕುವಷ್ಟು ದುಡ್ಡು ನಿಮ್ಮ ಹತ್ತಿರ ಇಲ್ಲದಿದ್ದರೆ ಊರು ಬಿಟ್ಟು ಹೋಗಬೇಕಾಗುತ್ತದೆ ಎನ್ನುವ ಅರ್ಥದ ಮಾತು ಹೇಳಿಬಿಟ್ಟರು. ಆರು ತಲೆಮಾರಿನವರಿಗೆ!

1971ರಲ್ಲಿ ಕೇಸು ಬಿತ್ತು. 1975ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಹೇಳಿತು: ಬೆಳೆಯುತ್ತಿರುವ ಟೌನ್‌ಶಿಪ್ ತನ್ನ ಝೋನಿಂಗ್ ನಿಯಮದಿಂದ ಬಡವರನ್ನು ಹೊರಗಿಡುವ ಹಾಗಿಲ್ಲ, ತನ್ನ ಪ್ರದೇಶದ ಅಗತ್ಯದಲ್ಲಿ ತನ್ನ ಪಾಲನ್ನು ಹೊರಬೇಕು. ಊರುಗಳು ಕೇಳಲಿಲ್ಲ. 1983ರಲ್ಲಿ ಕೋರ್ಟ್ ಮತ್ತೆ ಗಟ್ಟಿಯಾಗಿ ಹೇಳಬೇಕಾಯಿತು. 1985ರಲ್ಲಿ ಊರುಗಳ ಈ ಪಾಲಿನ ಬಗ್ಗೆ ರಾಜ್ಯದ ಕಾನೂನೇ ಬಂತು. ಎಥೆಲ್ ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ಎಥೆಲ್ ಆರ್. ಲಾರೆನ್ಸ್ ಹೋಮ್ಸ್‌ಗೆ ಜನ ಬಂದು ಸೇರಿದ್ದು 2000ದ ಹೊತ್ತಿಗೆ. ಮೊದಲು 100 ಮನೆ, ಆಮೇಲೆ ಇನ್ನೂ 40. ಅದಕ್ಕೆ ಹಣ ಬಂದ ದಾರಿಗಳಲ್ಲಿ ಮುಖ್ಯವಾದ್ದು ಇದೇ ತೆರಿಗೆ ಕ್ರೆಡಿಟ್.

ಅದು ಕಟ್ಟುವ ಮುಂಚೆ ಅಲ್ಲಿನ ಸಭೆಗಳಲ್ಲಿ ಕೇಳಿಬಂದ ಮಾತುಗಳನ್ನೂ ನಮ್ಮ ಗ್ರೂಪಿನ ಮೆಸೇಜುಗಳನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಊರಿನದು ಅಂತ ಗೊತ್ತಾಗುವುದಿಲ್ಲ. ಕಟ್ಟಿದ ಮೇಲೆ ಏನಾಯಿತು? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತವರ ತಂಡ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿತು. ಸುತ್ತಮುತ್ತಲಿನ ಅಂಥದ್ದೇ ಊರುಗಳ ಜೊತೆ ಹೋಲಿಸಿ ನೋಡಿದರು. ಈ ಮನೆಗಳಿಂದಾಗಿ ಅಪರಾಧ ಹೆಚ್ಚಲಿಲ್ಲ. ಮನೆ ಬೆಲೆ ಬೀಳಲಿಲ್ಲ. ತೆರಿಗೆ ಏರಲಿಲ್ಲ. ಪಕ್ಕದ ಬಡಾವಣೆಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥದ್ದೊಂದು ಜಾಗ ಅಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಅಲ್ಲಿಗೆ ಬಂದ ದೊಡ್ಡವರಿಗೆ ಕೆಲಸ, ಆದಾಯ ಸುಧಾರಿಸಿತು. ಮಕ್ಕಳಿಗೆ ಓದಲು ಗಲಾಟೆ ಇಲ್ಲದ ಒಂದು ಮೂಲೆ ಸಿಕ್ಕಿತು. ಮೊದಲಿಗಿಂತ ಕಷ್ಟದ ಸ್ಕೂಲಿಗೆ ಸೇರಿದರೂ ಅವರ ಮಾರ್ಕ್ಸ್ ಇಳಿಯಲಿಲ್ಲ.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ಟೌನ್‌ಶಿಪ್ ಬೇಡ ಅಂದರೆ ಈ ವಿಷಯ ಅಲ್ಲಿಗೆ ಮುಗಿಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮುಗಿಯುವುದಿಲ್ಲ. 2024ರ ಮಾರ್ಚ್ 20ರಂದು ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಕಾನೂನಿನಂತೆ ಊರುಗಳು ತಮ್ಮ ಪಾಲಿನ ಮನೆಗಳಿಗೆ ಅವಕಾಶ ಮಾಡಿಕೊಡಬೇಕಾದ ನಾಲ್ಕನೇ ಸುತ್ತು, 2025ರಿಂದ 2035ರವರೆಗಿನದು, ನಡೆಯುತ್ತಿದೆ. ರಾಜ್ಯ ಹಾಕಿದ ಲೆಕ್ಕದಲ್ಲಿ ಈ ಹತ್ತು ವರ್ಷಕ್ಕೆ ಹೊಸದಾಗಿ ಬೇಕಾದ ಕೈಗೆಟುಕುವ ಮನೆಗಳು 84,698. ಇದನ್ನು ಊರೂರಿಗೆ ಹಂಚಿದ್ದಾರೆ. ಮಾಂಟ್‌ವೇಲ್ ಎನ್ನುವ ಊರಿನ ಮುಂದಾಳತ್ವದಲ್ಲಿ ಕೆಲವು ಊರುಗಳು ಕೋರ್ಟಿಗೂ ಹೋದವು. 2025ರ ಜನವರಿಯಲ್ಲಿ ಜಡ್ಜ್ ಕಾನೂನಿಗೆ ತಡೆ ಕೊಡಲು ಒಪ್ಪಲಿಲ್ಲ. ತನ್ನ ಪಾಲಿಗೆ ಸರಿಯಾದ ಪ್ಲ್ಯಾನ್ ಇಟ್ಟುಕೊಳ್ಳದ ಊರಿಗೆ ಕಾನೂನಿನ ರಕ್ಷಣೆ ತಪ್ಪುತ್ತದೆ. ಆಗ ಬಿಲ್ಡರುಗಳು ಕೇಸು ಹಾಕಿ, ತಮಗೆ ಬೇಕಾದ ಜಾಗದಲ್ಲಿ ನಮ್ಮ ಝೋನಿಂಗ್ ಮೀರಿ ಕಟ್ಟಲು ಅನುಮತಿ ಪಡೆಯಬಹುದು.

ಇಲ್ಲಿ ಒಂದು ಸರಳ ಲೆಕ್ಕ ಇದೆ, ಇದನ್ನು ಯಾರೂ ಗ್ರೂಪಿನಲ್ಲಿ ಹಾಕಲಿಲ್ಲ. ಮಾಮೂಲಿ ಬಿಲ್ಡರ್ ಬಂದರೆ ಸಾಮಾನ್ಯವಾಗಿ ಐದರಲ್ಲಿ ಒಂದು ಮನೆ ಕಡಿಮೆ ಆದಾಯದವರಿಗೆ, ಉಳಿದ ನಾಲ್ಕು ಮಾರುಕಟ್ಟೆ ಬೆಲೆಗೆ. ಅಂದರೆ 100 ಕೈಗೆಟುಕುವ ಮನೆ ಆಗಬೇಕಾದರೆ ಒಟ್ಟು 500 ಮನೆ ಏಳಬೇಕು. ತೆರಿಗೆ ಕ್ರೆಡಿಟ್ಟಿನ ಕಟ್ಟಡದಲ್ಲಿ ಎಲ್ಲ ಮನೆಗಳೂ ಕಡಿಮೆ ಆದಾಯದವರಿಗೇ ಇರಬಹುದು. 100 ಬೇಕಾದರೆ 100 ಕಟ್ಟಿದರೆ ಸಾಕು. ಟ್ರಾಫಿಕ್ ನಿಮ್ಮ ಚಿಂತೆಯಾದರೆ, ಸ್ಕೂಲಿನ ಸೀಟು ನಿಮ್ಮ ಚಿಂತೆಯಾದರೆ, ಈ ಎರಡರಲ್ಲಿ ಯಾವುದು ಕಡಿಮೆ? ಆ ಬೇರೆ 400 ಮನೆಗಳ ಬಗ್ಗೆ ಒಂದೂ ಅರ್ಜಿ ಬರಲಿಲ್ಲ. ಎರಡು ವರ್ಷದ ಹಿಂದೆ ದೊಡ್ಡ ಟೌನ್‌ಹೌಸ್ ಲೇಔಟ್ ಆದಾಗ ನಾವೇ ಹೋಗಿ ಮಾಡೆಲ್ ಹೋಮ್ ನೋಡಿ ಬಂದೆವು, ಅಲ್ವಾ?

ಇನ್ನೊಂದು ಸಲಹೆ ಬಂದಿದೆ: ಕಟ್ಟುವುದೇ ಆದರೆ 55 ದಾಟಿದವರಿಗೆ ಕಟ್ಟಲಿ, ಮಕ್ಕಳು ಬರುವುದಿಲ್ಲ. ಬಹಳ ಊರುಗಳು ಈ ಉಪಾಯ ಮಾಡಿವೆ. ಆದರೆ ಹೊಸ ಕಾನೂನು ವಯಸ್ಸಿನ ಮಿತಿ ಇರುವ ಮನೆಗಳು ಶೇ 30 ದಾಟಬಾರದು, ಅರ್ಧದಷ್ಟಾದರೂ ಮಕ್ಕಳಿರುವ ಕುಟುಂಬಗಳಿಗೆ ಸಿಗಬೇಕು ಅಂತ ಕಟ್ಟು ಹಾಕಿದೆ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ನಮ್ಮ ಬೀದಿಯನ್ನೇ ನೋಡಿ. ಮಕ್ಕಳು ಓದು ಮುಗಿಸಿ ಹೋದರು, ಇಲ್ಲಿಗೆ ವಾಪಸ್ ಬರಲು ಅವರಿಗೇ ಆಗುತ್ತಿಲ್ಲ. ಕೆಲಸ ಸಿಕ್ಕಿದ ಹುಡುಗ ಇಲ್ಲಿ ಎರಡು ಬೆಡ್‌ರೂಮಿನ ಮನೆ ಬಾಡಿಗೆಗೆ ಹಿಡಿಯಲಾರ. ಫಸ್ಟ್ ಏಡ್ ಸ್ಕ್ವಾಡಿಗೆ ವಾಲಂಟಿಯರ್ ಬೇಕು ಅಂತ ಬೋರ್ಡು ಹಾಕಿಕೊಂಡೇ ಇದ್ದಾರೆ. ಆಂಬುಲೆನ್ಸ್ ಓಡಿಸಲು 25 ವರ್ಷದವರು ಈ ಊರಿನಲ್ಲಿ ಇದ್ದರಲ್ಲವೇ ಬರುವುದು? ಒಂದೇ ಆದಾಯದ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಜನ ಮಾತ್ರ ಉಳಿದರೆ ಸಣ್ಣ ಊರು ನಡೆಯುವುದು ಕಷ್ಟ.

ನಮ್ಮ ಕಡೆ ಆಶ್ರಯ ಕಾಲೋನಿಗಳು ಎಲ್ಲಿರುತ್ತವೆ ಅಂತ ನೆನಪು ಮಾಡಿಕೊಳ್ಳಿ. ಬಹಳ ಕಡೆ ಊರು ಮುಗಿದ ಮೇಲೆ, ಬಸ್ಸು ನಿಲ್ಲದ ಜಾಗದಲ್ಲಿ. ಬಡವರಿಗೆ ಮನೆ ಬೇಕು, ಆದರೆ ಊರಾಚೆ. ಇದೇ ಬುದ್ಧಿ ಇಲ್ಲೂ ಕಾನೂನಿನ ವೇಷದಲ್ಲಿ ನಡೆದಿತ್ತು. 1985ರ ಕಾನೂನಿನಲ್ಲಿ ಒಂದು ಅವಕಾಶ ಇತ್ತು. ಅನುಕೂಲಸ್ಥ ಊರು ತನ್ನ ಪಾಲಿನ ಮನೆಗಳಲ್ಲಿ ಅರ್ಧದವರೆಗೆ ಬೇರೆ ಊರಿಗೆ ದುಡ್ಡು ಕೊಟ್ಟು ದಾಟಿಸಬಹುದಿತ್ತು. ದುಡ್ಡು ನೆವಾರ್ಕ್, ಟ್ರೆಂಟನ್‌ನಂಥ ಕಡೆಗೆ ಹೋಯಿತು, ಬಡವರೂ ಅಲ್ಲೇ ಉಳಿದರು. 2008ರಲ್ಲಿ ಅದನ್ನು ರದ್ದು ಮಾಡಿದರು. ತೆರಿಗೆ ಕ್ರೆಡಿಟ್ ವಿಷಯದಲ್ಲೂ ಇದೇ ಗುಣ ಬೇರೆ ರಾಜ್ಯಗಳಲ್ಲಿ ಕಂಡಿತು. ಡಲ್ಲಾಸ್‌ನಲ್ಲಿ ಇಂಥ ಮನೆಗಳಲ್ಲಿ ಶೇ 92ಕ್ಕೂ ಜಾಸ್ತಿ ಬಿಳಿಯರು ಅರ್ಧಕ್ಕಿಂತ ಕಡಿಮೆ ಇರುವ ಪ್ರದೇಶಗಳಲ್ಲೇ ಇದ್ದವು. ಆ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2015ರಲ್ಲಿ ಕೋರ್ಟ್, ಬಾಯಲ್ಲಿ ಭೇದಭಾವ ಹೇಳದಿದ್ದರೂ ಪರಿಣಾಮದಲ್ಲಿ ಭೇದ ಕಂಡರೆ, ಮನೆ ಕೊಡುವುದರಲ್ಲಿ ಭೇದಭಾವ ತಡೆಯುವ ಫೇರ್ ಹೌಸಿಂಗ್ ಕಾನೂನಿನಡಿ ಪ್ರಶ್ನಿಸಬಹುದು ಅಂತ ಐದು-ನಾಲ್ಕರ ಬಹುಮತದಲ್ಲಿ ಹೇಳಿತು.

ಇನ್ನು ಊರಿನ ಜನ ಬದಲಾಗುತ್ತಾರೆ ಎನ್ನುವ ಮಾತು. ನನಗೆ ಅತಿ ಹೆಚ್ಚು ನೋವಾದದ್ದು ಇದರಿಂದಲೇ.

ಮೂವತ್ತು ವರ್ಷದ ಹಿಂದೆ ಈ ಊರಿನ ಜನ ಬದಲಾಗಿದ್ದು ನಮ್ಮಿಂದಲ್ಲವೇ? 1987ರಲ್ಲಿ ಜರ್ಸಿ ಸಿಟಿಯಲ್ಲಿ ಡಾಟ್‌ಬಸ್ಟರ್ಸ್ ಅಂತ ಹೆಸರಿಟ್ಟುಕೊಂಡ ಗುಂಪು, ಭಾರತೀಯರನ್ನು ಊರಿನಿಂದ ಓಡಿಸುತ್ತೇವೆ ಅಂತ ಪತ್ರಿಕೆಗೇ ಕಾಗದ ಬರೆಯಿತು. ಹಣೆಯ ಕುಂಕುಮ ನೋಡಿ ಹೊಡೆಯುತ್ತೇವೆ ಅಂತ. ಬರೀ ಬೆದರಿಕೆಯಾಗಿ ಉಳಿಯಲಿಲ್ಲ. ಜನರ ಮೇಲೆ ಹಲ್ಲೆ ಆಯಿತು, ಆ ವರ್ಷ ಹೋಬೋಕನ್‌ನಲ್ಲಿ ಒಬ್ಬ ಭಾರತೀಯನ ಜೀವವೂ ಹೋಯಿತು. 1990ರ ದಶಕದಲ್ಲಿ ಎಡಿಸನ್‌ನಲ್ಲಿ ನವರಾತ್ರಿಯ ಗರ್ಬಾ ಗಲಾಟೆ ಅಂತ ಕೋರ್ಟ್ ಮೆಟ್ಟಿಲು ಹತ್ತಿತು. ಆಮೇಲೆ 2010ರ ಜನಗಣತಿಯ ಹೊತ್ತಿಗೆ ಅದೇ ಎಡಿಸನ್‌ನಲ್ಲಿ ಶೇ 28ರಷ್ಟು ಜನ ಭಾರತ ಮೂಲದವರು. ಇಂಡಿಯನ್ ಅಂಗಡಿಗಳ ಓಕ್ ಟ್ರೀ ರೋಡಿನಲ್ಲಿ ಶನಿವಾರ ಪಾರ್ಕಿಂಗ್ ಸಿಗುವುದಿಲ್ಲ. ಆಗ ಮನೆ ಬೆಲೆ ಬೀಳುತ್ತದೆ ಅಂತ ಹೆದರಿದ್ದವರ ಮನೆಗಳನ್ನು ಕೊಂಡವರು ನಾವು. ಬೆಲೆ ಬಿದ್ದಿತೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗೂ ಆ ಪ್ರಶ್ನೆ ಹೊಸದಲ್ಲ. ಗೇಟಿನ ಹತ್ತಿರವೇ ನಿಲ್ಲಿಸಿ, ನೀವು ಯಾವ ಪೈಕಿ, ನಾನ್‌ವೆಜ್ ತಿನ್ನುತ್ತೀರಾ, ಗಂಡನಿಗೆ ಏನು ಕೆಲಸ. ಉತ್ತರ ಓನರಿಗೆ ಹಿಡಿಸದಿದ್ದರೆ, ಮನೆ ಆಗಲೇ ಹೋಯಿತು ಅಂತ. ಬೋರ್ಡು ಮಾತ್ರ ಮಾರನೇ ದಿನವೂ ನೇತಾಡುತ್ತಿರುತ್ತದೆ. ನಮ್ಮಲ್ಲಿ ಎಷ್ಟೋ ಜನ ಆ ಗೇಟಿನ ಹೊರಗೆ ನಿಂತವರು. ಒಳಗೆ ನಿಂತು ಕೇಳಿದ ಮನೆಗಳವರೂ ನಮ್ಮಲ್ಲೇ ಇದ್ದಾರೆ. ಈ ದೇಶದಲ್ಲಿ ಆ ಪ್ರಶ್ನೆ ಕೇಳುವುದಕ್ಕೆ 1968ರಿಂದ ಬಹುಮಟ್ಟಿಗೆ ಕಾನೂನಿನ ತಡೆ ಇದೆ. ಹಾಗಾಗಿ ಇಲ್ಲಿ ಯಾರೂ ಬಣ್ಣ, ಜನಾಂಗ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಟ್ರಾಫಿಕ್ ಅನ್ನುತ್ತಾರೆ, ಮಳೆನೀರು ಅನ್ನುತ್ತಾರೆ, ರೇಟಿಂಗ್ ಅನ್ನುತ್ತಾರೆ. ಟ್ರಾಫಿಕ್ಕೇ ನಿಜವಾದ ಚಿಂತೆ ಆಗಿರುವವರೂ ಇದ್ದಾರೆ, ಅವರನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ನಮ್ಮ ಗ್ರೂಪಿನಲ್ಲಿ ತಡರಾತ್ರಿ ಬಂದ ಕೆಲವು ಮೆಸೇಜುಗಳು ಟ್ರಾಫಿಕ್ ಬಗ್ಗೆ ಇರಲಿಲ್ಲ. ಅವು ಯಾರ ಬಗ್ಗೆ ಇದ್ದವು ಅಂತ ಓದಿದ ಎಲ್ಲರಿಗೂ ಗೊತ್ತು.

ಹಾಗಾದರೆ ಟೌನ್‌ಶಿಪ್ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾ? ಖಂಡಿತ ಬೇಡ. ಕೇಳಬೇಕಾದ ಪ್ರಶ್ನೆಗಳು ಇವೆ, ಅವನ್ನು ಯಾರೂ ಕೇಳುತ್ತಿಲ್ಲ.

ಎಲ್ಲಕ್ಕಿಂತ ದೊಡ್ಡದು ಪೈಲಟ್ (PILOT), ಅಂದರೆ ತೆರಿಗೆಯ ಬದಲು ಹಣ ಕೊಡುವ ಒಪ್ಪಂದ. ಇಂಥ ಕಟ್ಟಡಗಳು ಪೂರ್ತಿ ಪ್ರಾಪರ್ಟಿ ಟ್ಯಾಕ್ಸ್ ಕಟ್ಟುವ ಬದಲು ಟೌನ್‌ಶಿಪ್ ಜೊತೆ ಒಂದು ಮೊತ್ತಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ. ಅದಿಲ್ಲದಿದ್ದರೆ ಕಡಿಮೆ ಬಾಡಿಗೆಯಲ್ಲಿ ಲೆಕ್ಕ ಕೂಡಿಬರುವುದು ಕಷ್ಟ, ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಹಣ ಟೌನ್‌ಶಿಪ್ ಖಜಾನೆಗೆ ಹೋಗುತ್ತದೆ, ಸ್ಕೂಲ್ ಬೋರ್ಡಿಗೆ ತಾನಾಗಿಯೇ ಪಾಲು ಬರುವುದಿಲ್ಲ. ನಮ್ಮ ಪ್ರಾಪರ್ಟಿ ಟ್ಯಾಕ್ಸಿನಲ್ಲಿ ದೊಡ್ಡ ಪಾಲು ಸ್ಕೂಲಿಗೇ ಹೋಗುವುದು. ರಾಜ್ಯದಲ್ಲಿ ಸರಾಸರಿ ಬಿಲ್ಲು 2024ರಲ್ಲಿ 10 ಸಾವಿರ ಡಾಲರ್ ದಾಟಿತು. ಹಾಗಾಗಿ ಬಿಲ್ಲಿನ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟನ್ನು ಅಲ್ಲಿ ಬಂದು ಇರುವ ಮಕ್ಕಳ ಮೇಲೆ ತೀರಿಸಿಕೊಳ್ಳುವುದು ಬೇಡ. ಟೌನ್‌ಶಿಪ್ ಕಮಿಟಿಯನ್ನು ನೇರವಾಗಿ ಕೇಳೋಣ: ಪೈಲಟ್ ಹಣದಲ್ಲಿ ಸ್ಕೂಲಿಗೆ ಎಷ್ಟು ಪಾಲು ಕೊಡುತ್ತೀರಿ, ಅದನ್ನು ಬರಹದಲ್ಲಿ ಕೊಡಿ. ಇದನ್ನು ಒಪ್ಪಂದ ಆಗುವ ಮುಂಚೆಯೇ ಕೇಳಬೇಕು. ಆಮೇಲೆ ಕೇಳಿ ಪ್ರಯೋಜನ ಇಲ್ಲ.

ಪ್ಲ್ಯಾನಿನ ನಕ್ಷೆಯನ್ನೂ ನೋಡಿ. ಮೂರು ಮಹಡಿಯ ಕಟ್ಟಡಗಳು, ಮಧ್ಯದಲ್ಲಿ ಪುಟ್ಟ ಆಟದ ಜಾಗ, ಹಿಂದೆ ಮಳೆನೀರು ನಿಲ್ಲುವ ಹೊಂಡ. ಎಲ್ಲ ಇದೆ. ಆದರೆ ಗೇಟಿನಿಂದ ಬಸ್ ಸ್ಟಾಪಿನವರೆಗೆ ಫುಟ್‌ಪಾತ್ ಇಲ್ಲ. ಕಾರಿಲ್ಲದ ಒಬ್ಬ ತಾಯಿ ಚಳಿಗಾಲದಲ್ಲಿ ಸ್ಟ್ರೋಲರ್ ತಳ್ಳಿಕೊಂಡು ಹೈವೇ ಅಂಚಿನಲ್ಲಿ ನಡೆಯಬೇಕು. ಇದು ಊರಾಚೆ ಮನೆ ಕೊಟ್ಟ ಹಾಗೇ ಆಯಿತು. ಫುಟ್‌ಪಾತ್ ಇಲ್ಲದೆ ಒಪ್ಪಿಗೆ ಕೊಡಬೇಡಿ ಅಂತ ನಾವು ಅರ್ಜಿ ಕೊಡೋಣ. ಅದಕ್ಕೆ ಮೊದಲ ಸಹಿ ನನ್ನದು.

ಮೂರನೆಯದು ನಮ್ಮವರಿಗೇ ಸಂಬಂಧಿಸಿದ್ದು. ಈ ಮನೆಗಳಿಗೆ ಅರ್ಜಿ ಕರೆದು ಲಾಟರಿಯಲ್ಲಿ ಆಯ್ಕೆ ಮಾಡುತ್ತಾರೆ. ಇಂಥ ಜಾತಿ, ಇಂಥ ದೇಶದವರು ಅಂತ ಇಲ್ಲ. ನಮ್ಮ ಕನ್ನಡ ಮನೆಗಳಲ್ಲೂ ಕಷ್ಟದಲ್ಲಿರುವವರು ಇದ್ದಾರೆ. ಗಂಡ ತೀರಿಕೊಂಡು ಅಂಗಡಿಯಲ್ಲಿ ಕೆಲಸ ಮಾಡುವವರು, ಗಂಡನ ಮನೆ ಬಿಟ್ಟು ಬಂದು ಮಗುವಿನ ಜೊತೆ ಯಾರದೋ ಬೇಸ್‌ಮೆಂಟಿನಲ್ಲಿ ಇರುವವರು, ಕೆಲಸ ಹೋಗಿ ಸಣ್ಣ ಸಂಬಳಕ್ಕೆ ಸೇರಿದವರು. ಕನ್ನಡ ಕೂಟದ ಯುಗಾದಿ ಊಟಕ್ಕೆ ಅವರು ಒಳ್ಳೇ ಸೀರೆ ಉಟ್ಟು ಬರುತ್ತಾರೆ, ನಮಗೆ ಗೊತ್ತಾಗುವುದಿಲ್ಲ. ನಾವು ಗ್ರೂಪಿನಲ್ಲಿ ಹಾಕುವ ಮಾತುಗಳನ್ನು ಅವರೂ ಓದುತ್ತಾರೆ. ಲಾಟರಿ ಅರ್ಜಿ ಬಂದಾಗ ಅವರಿಗೆ ತಿಳಿಸುವ, ಫಾರ್ಮು ತುಂಬಿಕೊಡುವ ಕೆಲಸ ನಮ್ಮ ಕೂಟಗಳು ಮಾಡಬಹುದು. ಆದಾಯದ ದಾಖಲೆ ಹೊಂದಿಸುವುದು ತಲೆನೋವಿನ ಕೆಲಸ, ನಾನು ಕೂತು ಮಾಡಿಕೊಡುತ್ತೇನೆ, ದುಡ್ಡು ಬೇಡ.

ಈಗಾಗಲೇ ಸಹಿ ಹಾಕಿರುವವರು ಬೇಸರ ಮಾಡಿಕೊಳ್ಳಬೇಡಿ. ಫಾರ್ವರ್ಡ್ ಬಂತು, ಪಕ್ಕದ ಮನೆಯವರು ಹೇಳಿದರು, ಹಾಕಿದಿರಿ. ವಾಪಸ್ ತೆಗೆದುಕೊಳ್ಳಲು ಟೌನ್‌ಶಿಪ್ ಕ್ಲರ್ಕ್‌ಗೆ ಎರಡು ಸಾಲಿನ ಈಮೇಲ್ ಸಾಕು. ಹೇಗೆ ಬರೆಯಬೇಕು ಅಂತ ಬೇಕಿದ್ದರೆ ಹೇಳಿ, ಕಳಿಸುತ್ತೇನೆ. ಮುಂದಿನ ಪ್ಲಾನಿಂಗ್ ಬೋರ್ಡ್ ಸಭೆಗೆ ದಯವಿಟ್ಟು ಬನ್ನಿ. ಸ್ಕೂಲಿನ ಪಾಲು ಮತ್ತು ಫುಟ್‌ಪಾತ್, ಈ ಎರಡು ವಿಷಯ ನಾನು ಕೇಳುತ್ತೇನೆ, ಆದರೆ ಒಬ್ಬನಿಗೆ ಮೂರು ನಿಮಿಷ ಸಾಲುವುದಿಲ್ಲ. ಇನ್ನಿಬ್ಬರು ಜೊತೆಗೆ ನಿಂತರೆ ಪೂರ್ತಿ ಕೇಳಬಹುದು. ಆ ಸ್ಕೂಲಿನ ಸಹಾಯಕಿ ಮತ್ತೆ ಬರುತ್ತೇನೆ ಅಂದಿದ್ದಾರೆ. ಈ ಸಲ ಅವರ ನಂತರ ಮೈಕಿಗೆ ಹೋಗುವ ಕನ್ನಡದವರು ಅವರ ಪರವಾಗಿ ಮಾತಾಡಬೇಕು ಅಂತ ನನ್ನ ಆಸೆ. ಸಂಜೆ ಕಾರು ಓಡಿಸಲು ಆಗದ ಹಿರಿಯರು ಇದ್ದರೆ ತಿಳಿಸಿ, ನನ್ನ ಕಾರಿನಲ್ಲಿ ಜಾಗ ಇದೆ.

ಇಂತಿ ನಿಮ್ಮ,
ಮಧ್ಯ ನ್ಯೂಜೆರ್ಸಿಯ ಒಬ್ಬ ನೆರೆಯವ